ಹಂಡೆಯಮ್ಮನ ದಿಮ್ಮಿ

ಆ ಮಾತನ್ನು ಹಂಡೆಯಮ್ಮ ಆಡಿದ್ದು ಊಟಕ್ಕೆ ಕೂತಾಗ, ಕೈಯಲ್ಲಿ ತುತ್ತು ಹಿಡಿದುಕೊಂಡೇ. ಆಮೇಲೆ ಎಷ್ಟು ಸಲ ನಾಲಗೆ ಕಚ್ಚಿಕೊಂಡಳೋ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೀದಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಅವಳೇ.

"ಅಮ್ಮ, ಆ ಸಿಮೆಂಟ್ ವ್ಯಾಪಾರಿ ಮತ್ತೆ ಸಿಕ್ಕಿದ್ದ," ಎಂದು ಶುರು ಮಾಡಿದ್ದು ಮಗ. ಬಸ್ ಡಿಪೋದಲ್ಲಿ ಗುಮಾಸ್ತ ಅವನು. ಮನೆಯಲ್ಲೂ ಫೈಲು ಬಿಚ್ಚಿದವನ ಹಾಗೆಯೇ ಮಾತಾಡುತ್ತಿದ್ದ. "ನಮ್ಮ ಅಂಗಳ ಅವನಿಗೆ ಗೋದಾಮಿಗೆ ಬೇಕಂತೆ. ಒಳ್ಳೇ ಬಾಡಿಗೆ ಕೊಡ್ತಾನೆ. ನೀನು ಕಾಲು ಚಾಚಿ ಕೂತು ತಿನ್ನಬಹುದು."

"ಕಾಲು ಚಾಚೋ ದಿನ ಬಂದಾಗ ನಾಲ್ಕು ಜನ ಹೊತ್ಕೊಂಡು ಹೋಗ್ತಾರೆ. ಅಲ್ಲೀತನಕ ನಾನು ನಿಂತೇ ತಿಂತೀನಿ."

"ನಿನ್ನ ಕೆಮ್ಮಿಗೆ ಅಕ್ಕಪಕ್ಕದವರು ಕಿವಿ ಮುಚ್ಕೋತಾರೆ. ಇವಳ ಕೈ ನೋಡು, ಬಿರುಕು ಬಿಟ್ಟ ಗೋಡೆ ಆಗಿದೆ. ಯಾರಿಗೋಸ್ಕರ ಈ ಹೊಗೆ?"

ಸೊಸೆ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳು ಮಾತಾಡಲಿಲ್ಲ. ಮಾತಾಡಿದರೆ ಆಶ್ಚರ್ಯ. ಅತ್ತೆ ಅವಳಿಗೆ ಮೌನಗೌರಿ ಎಂದು ಹೆಸರಿಟ್ಟು ಹನ್ನೆರಡು ವರ್ಷವಾಗಿತ್ತು.

ಅಂಗಳದಲ್ಲಿ ಇದ್ದದ್ದು ಒಂದು ಹಂಡೆ, ಅದರ ಕೆಳಗೊಂದು ಒಲೆ, ಸುತ್ತ ಕಲ್ಲಿನ ತೊಟ್ಟಿಗಳು, ಮೇಲೆ ಹಗ್ಗಗಳು. ಹಂಡೆಯೆಂದರೆ ಅಂತಿಂಥದಲ್ಲ, ದೊಡ್ಡ ಮನುಷ್ಯನೊಬ್ಬ ಒಳಗೆ ಕುಕ್ಕರಗಾಲಲ್ಲಿ ಕೂತುಕೊಳ್ಳಬಹುದಾದ ತಾಮ್ರದ ಹಂಡೆ. ದಿಬ್ಬದ ಮೇಲಿನ ಹೆರಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ, ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಟವೆಲು, ಎಲ್ಲ ಅದರಲ್ಲೇ ಕುದಿಯಬೇಕು. ಮದುವೆಯಾಗಿ ಬಂದ ವರ್ಷದಿಂದ ಅವಳು ಅದರ ಬುಡದಲ್ಲೇ ಇದ್ದಳು. ಅದಕ್ಕೇ ಬೀದಿಯವರ ಬಾಯಲ್ಲಿ ಹಂಡೆಯಮ್ಮ. ಸಂಜೆ ಕೆಲಸ ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿಡುವುದು, ಬೆಳಿಗ್ಗೆ ಬೂದಿ ಸರಿಸಿ ಊದಿ ಅದೇ ಕೆಂಡದಿಂದ ಹೊತ್ತಿಸುವುದು. ನಲವತ್ತು ವರ್ಷದಲ್ಲಿ ಆ ಒಲೆಗೆ ಅವಳು ಬೆಂಕಿಕಡ್ಡಿ ಗೀರಿದವಳಲ್ಲ. ಗಂಡ ಸತ್ತ ದಿನವೂ ಕೆಂಡ ಮುಚ್ಚಿಟ್ಟೇ ಅತ್ತಿದ್ದಳು.

ಅಂಥವಳಿಗೆ ಗೋದಾಮು ಅಂದರೆ ಹೇಗಿರಬೇಡ?

"ಈ ಹಂಡೆ ಕೆಳಗಿನ ಬೆಂಕಿ ಆರಿದ ದಿನ ಅಂಗಳ ನಿಂದು! ಸಿಮೆಂಟಾದ್ರೂ ತುಂಬು, ಸುಣ್ಣ ಆದ್ರೂ ತುಂಬು. ಅಲ್ಲೀತನಕ ಬಾಯಿ ಮುಚ್ಕೊಂಡು ಉಣ್ಣು!"

ಮಗ ಉಣ್ಣುವುದನ್ನು ನಿಲ್ಲಿಸಿದ. "ಮಾತು ಮಾತೇ ತಾನೇ?"

"ನನ್ನ ಬಾಯಿಂದ ಎರಡು ಮಾತು ಬಂದದ್ದುಂಟೇನೋ?"

"ಮಾವ, ನೀವೇ ಸಾಕ್ಷಿ," ಎಂದು ಮಗ ನಕ್ಕ.

ಮಾವ ಅಂದರೆ ಹಂಡೆಯಮ್ಮನ ತಮ್ಮ. ಮೂವತ್ತು ವರ್ಷ ಲಾರಿ ಓಡಿಸಿ, ಮಂಡಿ ಸವೆದು, ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಯ ಹಿಂದಿನ ಕೋಣೆ ಸೇರಿದ್ದ. ಎಲ್ಲರ ಬಾಯಲ್ಲೂ ಲಾರಿಮಾವ. "ನನ್ನ ಯಾಕ್ರಪ್ಪ ಸಾಕ್ಷಿಗೆ ಎಳೀತೀರಾ? ನಾನಿಲ್ಲಿ ಬರೀ ಉಣ್ಣೋಕೆ ಕೂತಿರೋನು," ಎಂದು ತಟ್ಟೆಯ ಮೇಲೆ ಬಗ್ಗಿದ.

ಮಗ ನಕ್ಕದ್ದು ಯಾಕೆಂದು ಅವಳಿಗೆ ತಿಳಿದದ್ದು ಕೈ ತೊಳೆಯಲು ಹಿತ್ತಲಿಗೆ ಹೋದಾಗ. ಕಟ್ಟಿಗೆಯ ರಾಶಿ ಅವಳ ಮಂಡಿಮಟ್ಟಕ್ಕೆ ಇಳಿದಿತ್ತು. ಚೂರುಪಾರು ಕಟ್ಟಿಗೆ ಕೊಡುತ್ತಿದ್ದ ಮರದ ಮಿಲ್ಲು ಬಾಗಿಲು ಹಾಕಿ ಎರಡು ತಿಂಗಳಾಗಿತ್ತು. ಬೇರೆ ಕಡೆ ಕಟ್ಟಿಗೆ ಸಿಗುವುದೂ ಒಂದೇ, ಬಂಗಾರ ಸಿಗುವುದೂ ಒಂದೇ. ಹೆಚ್ಚೆಂದರೆ ಮೂರು ವಾರ.

"ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ," ಎಂದು ಗೊಣಗಿಕೊಂಡು, ಯಾರಿಗೂ ಕೇಳಿಸಬಾರದೆಂದು ನೀರಿನ ಚೊಂಬನ್ನು ದಡಾರೆಂದು ಇಟ್ಟಳು.

ಮುಂದಿನ ಭಾನುವಾರ ಮಗ ಅಳತೆಯ ಟೇಪು ಹಿಡಿದು ಅಂಗಳಕ್ಕೆ ಬಂದ. ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದವಳು ಸೊಸೆ. ಹಂಡೆಯಮ್ಮ ಒಲೆಯ ಬಳಿಯಿಂದಲೇ ನೋಡಿದಳು. ಪ್ರತಿ ಶನಿವಾರ ವಾರದ ದುಡಿಮೆಯಲ್ಲಿ ಒಂದು ಪಾಲನ್ನು ಯಾರಿಗೂ ಹೇಳದೆ ಇವಳ ಕೈಗಿಡುತ್ತಿದ್ದವಳು ತಾನು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ಅಲ್ಲವೇ?

"ಚೆನ್ನಾಗಿ ಎಳೆದು ಹಿಡಿಯೇ, ಒಂದಂಗುಲ ಕಡಿಮೆ ಆದೀತು," ಎಂದಳು.

ಸೊಸೆ ತಲೆ ಎತ್ತಲಿಲ್ಲ. ಟೇಪು ಬಿಟ್ಟ ಮೇಲೆ ನೇರವಾಗಿ ತೊಟ್ಟಿಗೆ ಬಂದು, ಅರ್ಧಕ್ಕೆ ಬಿಟ್ಟಿದ್ದ ಟವೆಲುಗಳನ್ನು ಹಿಂಡತೊಡಗಿದಳು.

ಅದಾಗಿ ಐದನೇ ದಿನ ಸಂಜೆ ಬೀಸಿದ ಗಾಳಿಗೆ ಆಸ್ಪತ್ರೆ ಆವರಣದ ದೊಡ್ಡ ಮರ ಬುಡಮೇಲಾಯಿತು. ಬೆಳಗಾಗುವಷ್ಟರಲ್ಲಿ ಬೀದಿಗೆ ಬೀದಿಯೇ ಅಲ್ಲಿತ್ತು. ಕೊಂಬೆ ಎಳೆದವರು ಯಾರೋ, ರೆಂಬೆ ಹೊತ್ತವರು ಯಾರೋ. ಹಂಡೆಯಮ್ಮ ಒಗೆದ ಬಟ್ಟೆಯ ಗಂಟು ಹೊತ್ತು ಅಲ್ಲಿಗೆ ತಲುಪಿದಾಗ ಉಳಿದಿದ್ದದ್ದು ಕಾಂಡವೊಂದೇ. ಹದಿನಾಲ್ಕು ಅಡಿ ಉದ್ದ. ಅಡ್ಡ ಬಿದ್ದರೂ ಅವಳ ಎದೆಮಟ್ಟ.

ಗರಗಸದವನೊಬ್ಬ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಇದು ಮರ ಅಲ್ಲಮ್ಮ, ಕಬ್ಬಿಣ. ನನ್ನ ಗರಗಸದ ಆರು ಹಲ್ಲು ಹೋದವು. ಒಳಗೇನೋ ಲೋಹ ಇದೆ. ಯಾವ ಮಿಲ್ಲಿನವನೂ ಇದನ್ನ ಮುಟ್ಟಲ್ಲ."

"ಲೋಹ ಅಲ್ಲಪ್ಪ, ಕೊಂಡಿ," ಎಂದಳು ಹಂಡೆಯಮ್ಮ. "ಹೊಡೆದವಳು ನಾನೇ."

ಹೌದು, ಅವಳೇ. ಬಂದ ಹೊಸದರಲ್ಲಿ ಹಾಸಿಗೆ ಬಟ್ಟೆಯನ್ನು ಅಲ್ಲೇ ಆಸ್ಪತ್ರೆ ಅಂಗಳದಲ್ಲಿ ಒಣಹಾಕುತ್ತಿದ್ದರು. ಆಗ ಈ ಮರ ಎರಡು ಕೈಯಲ್ಲಿ ತಬ್ಬುವಷ್ಟಿತ್ತು. ಹಗ್ಗ ಕಟ್ಟಲು ಒಂದು ಕಬ್ಬಿಣದ ಕೊಂಡಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದಳು. ಮರ ಬೆಳೆಯಿತು, ಕೊಂಡಿಯನ್ನು ನುಂಗಿಕೊಂಡಿತು. ಹುಡುಕಿದರೂ ಈಗ ಗುರುತು ಸಿಗದು.

ಆಸ್ಪತ್ರೆಯ ಮೇನೇಜರು ಬಂದ. "ಒಂಬತ್ತು ದಿನದಲ್ಲಿ ಈ ಜಾಗ ಖಾಲಿ ಆಗ್ಬೇಕು, ಆಂಬುಲೆನ್ಸ್ ತಿರುಗೋಕೆ ಆಗ್ತಿಲ್ಲ. ಯಾರು ಬೇಕಾದ್ರೂ ಬಿಟ್ಟಿ ತಗೊಂಡು ಹೋಗ್ಲಿ. ಇಲ್ದಿದ್ರೆ ಯಂತ್ರ ತರಿಸಿ ಹಿಂದಿನ ಹಳ್ಳಕ್ಕೆ ನೂಕಿಸ್ತೀನಿ."

"ನಾನು ತಗೊಂಡು ಹೋಗ್ತೀನಿ," ಎಂದಳು ಹಂಡೆಯಮ್ಮ.

ಮೇನೇಜರು ಅವಳನ್ನು ನೋಡಿದ, ದಿಮ್ಮಿಯನ್ನು ನೋಡಿದ. "ಎಲ್ಲಿಗಮ್ಮ?"

"ಕೆಳಗೆ. ನನ್ನ ಒಲೆಗೆ."

ಸುತ್ತ ನಿಂತವರು ನಕ್ಕರು. ನಗಲಿ ಬಿಡಿ. ನಕ್ಕವರ ಹಲ್ಲಿಗೆ ಅವಳು ಯಾವತ್ತು ಹೆದರಿದ್ದಳು?

ಅಂದು ಊಟದ ಹೊತ್ತಿಗೆ ಮನೆ ರಣರಂಗವಾಯಿತು.

"ನಿಂಗೆ ತಲೆ ಸರಿ ಇದೆಯಾ ಅಮ್ಮ? ನಾಲ್ಕು ಟನ್ ಇರುತ್ತೆ ಅದು!"

"ನಾನೇನು ತಲೆ ಮೇಲೆ ಹೊತ್ಕೊಂಡು ಬಾ ಅಂದ್ನಾ ನಿಂಗೆ?"

"ಹಸಿ ಮರ. ತಂದ್ರೂ ವರ್ಷ ಒಣಗ್ಬೇಕು. ನಿನ್ನ ಒಲೆ ವರ್ಷ ಕಾಯುತ್ತಾ?"

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಅವಳಿಗೆ ಹೆಚ್ಚು ಸಿಟ್ಟು ಬಂತು. "ಸಣ್ಣಗೆ ಸೀಳಿ ಹಂಡೆ ಸುತ್ತ ಜೋಡಿಸಿದ್ರೆ ಅದರ ಶಾಖಕ್ಕೇ ಒಣಗುತ್ತೆ. ಮೊದಲು ಮನೆಗೆ ಬರ್ಲಿ. ಲೋ ತಮ್ಮ, ನಿನ್ನ ಜಾಕಿ ಎಲ್ಲಿದೆ?"

ಲಾರಿಮಾವನ ಕಣ್ಣು ಮಿನುಗಿತು. ಮಂಡಿ ಸವೆದಿದ್ದರೇನು, ಭಾರ ಎಂದರೆ ಅವನಿಗೆ ಬಾಯಲ್ಲಿ ನೀರು. "ಮಂಚದ ಕೆಳಗಿದೆ ಅಕ್ಕ, ಎರಡೂ ಇವೆ. ಆಸ್ಪತ್ರೆಯಿಂದ ಇಲ್ಲಿಗೆ ಏರು ಒಂದೂ ಇಲ್ಲ. ಸ್ವಲ್ಪ ದೂರ ಮಟ್ಟಸ, ಆಮೇಲೆ ಇಳಿಜಾರು, ಇಳಿಜಾರಿನ ತುದಿಗೆ ನಮ್ಮ ಅಂಗಳ. ಕೆಳಗೆ ಹಲಗೆ ಹಾಸಿ ಎಳೀಬೇಕು. ಹಿಂದಿನ ಹಲಗೆ ತೆಗ್ದು ಮುಂದೆ ಹಾಕ್ಬೇಕು. ಜಾರೋಕೆ ಗ್ರೀಸ್ ಬೇಕು, ಒಂದು ಡ್ರಮ್ ಆದ್ರೂ."

"ಗ್ರೀಸ್ ಯಾಕೆ? ಸೋಪಿಲ್ವಾ?"

ಲಾರಿಮಾವ ತೊಡೆ ತಟ್ಟಿಕೊಂಡು ನಕ್ಕ. "ಭಲೇ ಅಕ್ಕ!"

"ಮಾವ, ನೀವೂ ಸೇರ್ಕೊಂಡ್ರಾ? ನೀವು ಸಾಕ್ಷಿ ಅಲ್ವಾ?" ಎಂದ ಮಗ.

"ಸಾಕ್ಷಿ ಹೇಳೋಕೆ ಬಾಯಿ ಸಾಕಪ್ಪ, ಕೈ ಖಾಲಿ ಇದೆ."

ಕೂಲಿ ಕೊಡುವ ಶಕ್ತಿ ಅವಳಿಗಿರಲಿಲ್ಲ. ಮಾರನೇ ದಿನ ಬೀದಿಯ ಮನೆಮನೆ ಬಾಗಿಲಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಸಾರಿದಳು: "ಬಂದು ಹಗ್ಗ ಎಳೆದವರ ಮನೆ ಕಂಬಳಿ ಎಲ್ಲ ಬಿಟ್ಟಿ ಒಗೆದು ಕೊಡ್ತೀನಿ. ಎಷ್ಟಾದ್ರೂ ತನ್ನಿ, ಎಷ್ಟು ಕೊಳೆ ಆದ್ರೂ ತನ್ನಿ." ಕಂಬಳಿ ಒಗೆಯುವ ಕಷ್ಟ ಯಾರಿಗೆ ಗೊತ್ತಿಲ್ಲ? ಹನ್ನೊಂದು ಜನ ಬಂದರು. ಮೊದಲ ದಿನ ನಕ್ಕಿದ್ದ ಗರಗಸದವನೂ ಬಂದ, ಅವನ ಮನೆಯಲ್ಲಿ ಐದು ಕಂಬಳಿ.

ಹಗ್ಗವೂ ಮನೆಯದೇ. ಹರಿದು ಬದಿಗಿಟ್ಟಿದ್ದ ಹಾಸಿಗೆ ಬಟ್ಟೆಗಳನ್ನು ಒದ್ದೆ ಮಾಡಿ, ಅತ್ತೆ ಒಂದು ತುದಿ, ಸೊಸೆ ಒಂದು ತುದಿ ಹಿಡಿದು, ನೀರು ಹಿಂಡುವ ಹಾಗೆಯೇ ತಿರುಚಿ ತಿರುಚಿ ಮುಂಗೈ ದಪ್ಪದ ಹಗ್ಗ ಮಾಡಿದರು. ತಿರುಚುವಾಗ ಸೊಸೆಯ ಬೆರಳ ಬಿರುಕಿನಿಂದ ರಕ್ತ ಬಂದು ಬಿಳಿ ಬಟ್ಟೆಗೆ ಹತ್ತಿತು.

"ಸಾಕು ಬಿಡು, ನಿನ್ನ ಗಂಡ ಆಮೇಲೆ ನನ್ನ ಮೇಲೆ ಕೇಸ್ ಹಾಕ್ತಾನೆ," ಎಂದಳು ಹಂಡೆಯಮ್ಮ.

"ಇನ್ನೊಂದು ಸುತ್ತು ಇದೆ ಅತ್ತೆ," ಎಂದಳು ಸೊಸೆ.

ದಿಮ್ಮಿಯನ್ನು ನೆಲದಿಂದ ಒಂದು ಗೇಣು ಎತ್ತಲು ಎರಡು ದಿನ ಹಿಡಿಯಿತು. ಒಂದು ಜಾಕಿ ಮಣ್ಣಿನಲ್ಲಿ ಹೂತುಹೋಯಿತು. ಅದರ ಕೆಳಗೆ ಕಲ್ಲಿಟ್ಟರು. ಮೂರನೇ ದಿನ ಸೋಪಿನ ಗಂಜಿ ಬಳಿದ ಹಲಗೆಯ ಮೇಲೆ ಅದನ್ನು ಇಳಿಸಿ, ಹನ್ನೊಂದು ಜನ ಐಸಾ ಎಂದಾಗ, ಆ ಕಬ್ಬಿಣದಂಥ ಕಾಂಡ ಗೊರಗೊರ ಸದ್ದು ಮಾಡಿ ಒಂದು ಮಾರು ಮುಂದೆ ಬಂತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರಲ್ಲ, ಇಲ್ಲಿ ಅದು ತಿರುಗಾಮುರುಗ ಆಗಿತ್ತು. ಒಬ್ಬಳ ತಲೆಹೊರೆ ಹನ್ನೊಂದು ಜನರ ಕೈಗೆ ಹಂಚಿಹೋಗಿತ್ತು. ಹಂಡೆಯಮ್ಮ ಕೂಗಿದ ಕೂಗಿಗೆ ಹೆರಿಗೆ ವಾರ್ಡಿನ ಕಿಟಕಿಗಳೆಲ್ಲ ತೆರೆದವು.

"ಸದ್ದು ಮಾಡ್ಬೇಡಿ! ಇಲ್ಲಿ ರೋಗಿಗಳಿದ್ದಾರೆ!" ಎಂದಳು ನರ್ಸು.

"ಹೆರೋರು ಕೂಗಿದ್ರೆ ಸರಿ, ನಾವು ಕೂಗಿದ್ರೆ ತಪ್ಪಾ?" ಎಂದಳು ಹಂಡೆಯಮ್ಮ. ಕಿಟಕಿಯಲ್ಲಿದ್ದ ಬಾಣಂತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗೆ ದಿನಕ್ಕೆ ಇಪ್ಪತ್ತು ಮೂವತ್ತು ಮಾರು. ಬೆಳಿಗ್ಗೆ ಬಟ್ಟೆ ಕುದಿಸುವುದು, ಮಧ್ಯಾಹ್ನ ಗಂಜಿ ಕುಡಿದು ದಿಮ್ಮಿ ಎಳೆಯುವುದು, ಸಂಜೆ ಕಂಬಳಿ ಒಗೆಯುವುದು. ಇತ್ತ ಕಟ್ಟಿಗೆಯ ರಾಶಿ ಪಾದಮಟ್ಟಕ್ಕೆ ಬಂತು. ಅವಳು ಮುರುಕು ಕುರ್ಚಿ ಸುಟ್ಟಳು, ಹಣ್ಣಿನ ಪೆಟ್ಟಿಗೆ ಸುಟ್ಟಳು, ಬಟ್ಟೆ ಬಡಿಯುವ ಹಳೆಯ ಕೋಲು ಸುಟ್ಟಳು. ಹಾಗೂ ಸಾಲದಾದಾಗ ಲಾರಿಮಾವನ ಊರುಗೋಲಿನ ಕಡೆ ನೋಡಿದಳು. ಅವನು ಅದನ್ನು ಹಾಸಿಗೆಯೊಳಗೆ ಇಟ್ಟುಕೊಂಡು ಮಲಗತೊಡಗಿದ.

ಮಗನೂ ಸುಮ್ಮನೆ ಕೂರುವವನಲ್ಲ. ಎಷ್ಟೆಂದರೂ ಅವಳ ಹೊಟ್ಟೆಯಲ್ಲಿ ಹುಟ್ಟಿದವನು. ಯಾವುದೋ ಹಳೆಯ ಮನೆ ಕೆಡವಿದಲ್ಲಿಂದ ಒಣಗಿದ ತೊಲೆ, ಹಲಗೆ ತರಿಸಿ, ಅಂಗಳದ ಬಾಯಿಗೆ ಗೋದಾಮಿನ ಬಾಗಿಲ ಚೌಕಟ್ಟು ನಿಲ್ಲಿಸಿದ. ಡಿಪೋದಿಂದ ಬಂದವನೇ ಅಂಗಿ ಬಿಚ್ಚಿ, ತಾನೇ ಮೊಳೆ ಹೊಡೆಯುತ್ತಿದ್ದ.

"ಹೆಣ ಬೀಳೋ ಮೊದಲೇ ಗುಂಡಿ ತೋಡ್ತಿದ್ದೀಯಲ್ಲೋ," ಎಂದಳು ತಾಯಿ.

"ಮಾತು ಮಾತೇ ಅಂದವಳು ನೀನು. ನಾನೇನು ನಿನ್ನ ಬೆಂಕಿಗೆ ನೀರು ಸುರಿದೆನಾ? ತಾನಾಗೇ ಆರೋವರೆಗೂ ಕಾಯ್ತೀನಿ. ಶುಕ್ರವಾರ ವ್ಯಾಪಾರಿ ಬರ್ತಾನೆ, ಜಾಗ ನೋಡೋಕೆ." ಆಮೇಲೆ ಸುತ್ತಿಗೆ ಕೆಳಗಿಟ್ಟು, ತಗ್ಗಿದ ದನಿಯಲ್ಲಿ ಅಂದ: "ಅಮ್ಮ, ಅಪ್ಪ ಈ ಹೊಗೆ ಕುಡಿದೇ ಹೋದದ್ದು. ನಿನ್ನನ್ನೂ ಹಾಗೇ ಕಳಿಸ್ಬೇಕಾ ನಾನು?"

ಇವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು! "ನಿನ್ನಪ್ಪ ಹೋದದ್ದು ಹೊಗೆಯಿಂದಲೇ ಇರಬಹುದು," ಎಂದಳು. "ಆದ್ರೆ ಕೈಯೊಡ್ಡಿ ಹೋಗ್ಲಿಲ್ಲ. ನಾನೂ ಒಡ್ಡಲ್ಲ."

ಗುರುವಾರ ಸಂಜೆಗೆ ದಿಮ್ಮಿ ಇಳಿಜಾರಿನ ತಲೆಗೆ ಬಂದು ನಿಂತಿತು. ಹಿಂದೆ ದೀಪದ ಕಂಬಕ್ಕೆ ಎರಡು ಸುತ್ತು ಹಗ್ಗ ಕಟ್ಟಿದರು. ಲಾರಿಮಾವ ಎಲ್ಲರನ್ನೂ ಕೂರಿಸಿ ಹೇಳಿದ: "ನಾಳೆ ಎಳೆಯೋದಿಲ್ಲ, ತಡೆಯೋದು. ಇಳಿಜಾರಿನಲ್ಲಿ ಸೋಪು ಮುಟ್ಟಬೇಡಿ. ಒಂದು ತೊಟ್ಟೂ ಬೇಡ. ಹಗ್ಗ ಸಡಿಲಿಸ್ತಾ ಇಳಿಸೋಣ. ಕೆಳಗಡೆ ಬೀದಿಯಲ್ಲಿ ಒಂದು ನಾಯಿನೂ ಇರಬಾರ್ದು. ಗೊತ್ತಾಯ್ತಾ ಅಕ್ಕ? ಸೋಪು ಬೇಡ."

"ಗೊತ್ತಾಯ್ತು. ನಾನೇನು ಕಿವುಡಿಯಾ?"

ಸೋಪು ಬೇಡ ಎಂದದ್ದನ್ನು ಅವಳು ಅಕ್ಷರಶಃ ಪಾಲಿಸಿದಳು. ಆದರೆ ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋದವಳ ಕಣ್ಣಿಗೆ ಬಿದ್ದದ್ದು ಇಳಿಜಾರಿನುದ್ದಕ್ಕೂ ಹಾಸಿಟ್ಟ ಹಲಗೆಗಳು. ಆರು ದಿನದ ಮಣ್ಣು, ಮರಳು, ಕೆಸರು, ಹೆಜ್ಜೆ ಗುರುತು ಮೆತ್ತಿಕೊಂಡು, ನೋಡಲು ಅಸಹ್ಯ. ನಲವತ್ತು ವರ್ಷ ಕೊಳೆಯ ಮೇಲೆ ಯುದ್ಧ ಮಾಡಿದ ಕೈ ಸುಮ್ಮನಿರುತ್ತದೆಯೇ? ಸೊಸೆಯ ಕೈಯಲ್ಲಿ ಆರು ಕೊಡ ನೀರು ತರಿಸಿ, ಬ್ರಷ್ಷು ಹಿಡಿದು, ಒಂದೊಂದು ಹಲಗೆಯನ್ನೂ ಉಜ್ಜಿ ಉಜ್ಜಿ ತೊಳೆದಳು. ಸೋಪು ಮುಟ್ಟಲಿಲ್ಲ, ಬರೀ ನೀರು. ಹಲಗೆಗಳು ಹೊಸ ತಟ್ಟೆಯ ಹಾಗೆ ಥಳಥಳ ಹೊಳೆದವು.

ಆ ಮರಳು ಮಣ್ಣೇ ಬ್ರೇಕು ಎಂದು ಅವಳಿಗೆ ಹೇಳಿದವರಾರು? ಆರು ದಿನ ಹಲಗೆ ಕುಡಿದಿದ್ದ ಸೋಪು ನೀರು ಬಿದ್ದೊಡನೆ ಮತ್ತೆ ಮೇಲೆದ್ದು ಬರುತ್ತದೆ ಎಂಬುದು ಮಾತ್ರ, ಬೇರೆ ಯಾರಿಗಲ್ಲದಿದ್ದರೂ, ಅವಳಿಗೆ ಗೊತ್ತಿರಬೇಕಿತ್ತು.

ಲಾರಿಮಾವ ಬಂದು ನೋಡುವಷ್ಟರಲ್ಲಿ ಎಲ್ಲರೂ ಹಗ್ಗ ಹಿಡಿದಾಗಿತ್ತು, ಮುಂದಿನ ತಡೆಗಲ್ಲು ತೆಗೆದಾಗಿತ್ತು. ಅವನು ಹಲಗೆಯ ಮೇಲೆ ಹೆಬ್ಬೆರಳು ಉಜ್ಜಿದ. ನೊರೆ ಬಂತು.

"ಅಕ್ಕ... ಇದನ್ನ ತೊಳೆದವರ್ಯಾರು?"

ಉತ್ತರ ಹೇಳಲು ಸಮಯವಿರಲಿಲ್ಲ. ದಿಮ್ಮಿ ಮೂಗು ಬಗ್ಗಿಸಿತು. ಹಗ್ಗ ಬಿಗಿಯಿತು, ಕಂಬ ಕಿರುಗುಟ್ಟಿತು, ಹನ್ನೊಂದು ಜನರ ಕಾಲು ನೆಲದಲ್ಲಿ ಗೀರು ಎಳೆಯಿತು. "ಬಿಡ್ರೋ! ಕೈ ಬಿಡ್ರೋ!" ಎಂದು ಲಾರಿಮಾವ ಅರಚಿದ. ಎಲ್ಲರೂ ಬಿಟ್ಟರು. ಕಂಬದ ಬಳಿ ಹಗ್ಗ ಪಟಾರೆಂದು ಹರಿಯಿತು.

ಆನೆ ನಡೆದದ್ದೇ ದಾರಿ. ಹದಿನಾಲ್ಕು ಅಡಿಯ ದಿಮ್ಮಿ, ಬಾಲಕ್ಕೆ ಬಿಳಿ ಬಟ್ಟೆ ಕಟ್ಟಿಕೊಂಡು, ನೊರೆ ಹಾರಿಸುತ್ತ ಇಳಿಜಾರನ್ನು ಇಳಿಯಿತು. ಕೆಳಗೆ ಅಂಗಳದ ಬಾಯಲ್ಲಿ, ಹೊಸ ಚೌಕಟ್ಟಿನ ಕೆಳಗೆ, ಮಗ ಸಿಮೆಂಟ್ ವ್ಯಾಪಾರಿಗೆ ಉದ್ದಗಲ ತೋರಿಸುತ್ತಿದ್ದ.

"ಓಡೋ! ಮಗಾ, ಓಡೋ!" ಎಂದು ಹಂಡೆಯಮ್ಮ ಎದೆ ಒಡೆಯುವಂತೆ ಕೂಗಿದಳು. ಆ ಕ್ಷಣಕ್ಕೆ ಅವಳಿಗೆ ಹಂಡೆ ಬೇಡ, ಬೆಂಕಿ ಬೇಡ, ಅಂಗಳ ಬೇಡ. ಅವನೊಬ್ಬ ಆ ಕಡೆ ಹಾರಿದರೆ ಸಾಕಿತ್ತು.

ಹಾರಿದ. ವ್ಯಾಪಾರಿಯನ್ನೂ ಕಾಲರ್ ಹಿಡಿದು ಎಳೆದುಕೊಂಡೇ ಹಾರಿದ. ದಿಮ್ಮಿ ಚೌಕಟ್ಟಿಗೆ ಬಡಿದ ಸದ್ದಿಗೆ ಬೀದಿಯ ಕಾಗೆಗಳೆಲ್ಲ ಎದ್ದವು. ತೊಲೆ ಎರಡಾಯಿತು, ಹಲಗೆ ಇಪ್ಪತ್ತಾಯಿತು. ದಿಮ್ಮಿ ಅರ್ಧ ಸುತ್ತು ತಿರುಗಿ, ಅಂಗಳದ ಬಾಯಿಗೆ ಅಡ್ಡವಾಗಿ, ಎರಡು ಗೋಡೆಯ ನಡುವೆ ಬಿಗಿಯಾಗಿ ಕೂತು ನಿಂತಿತು.

ಹಂಡೆಯಮ್ಮ ಬಿದ್ದೆದ್ದು ಓಡಿ ಬಂದು ಮಗನ ತಲೆ, ತೋಳು, ಬೆನ್ನು ಎಲ್ಲ ಸವರಿ ನೋಡಿದಳು. ಎಲ್ಲೂ ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಅವನ ಬೆನ್ನಿಗೆ ತಾನೇ ಒಂದು ಗುದ್ದಿದಳು. "ಓಡು ಅಂದ ತಕ್ಷಣ ಓಡೋಕೆ ಏನು ಧಾಡಿ ನಿಂಗೆ?"

ಸಿಮೆಂಟ್ ವ್ಯಾಪಾರಿ ಬಟ್ಟೆ ಕೊಡವಿಕೊಂಡ. "ನಂಗೆ ಲಾರಿ ಒಳಗೆ ಬರೋ ಜಾಗ ಬೇಕು ಸ್ವಾಮಿ. ಇಲ್ಲಿ ಮನುಷ್ಯ ಬರೋದೇ ಕಷ್ಟ." ಹೀಗೆಂದವನು ಹಿಂದಿರುಗಿಯೂ ನೋಡದೆ ಹೋದ.

ಮಗ ಮುರಿದ ಹಲಗೆಗಳ ನಡುವೆ ನಿಂತಿದ್ದ. ಮುಖ ಕೆಂಪಾಗಿತ್ತು. "ಹೋಗ್ಲಿ. ವ್ಯಾಪಾರಿ ಇನ್ನೊಬ್ಬ ಸಿಗ್ತಾನೆ. ಮೊದಲು ನಿನ್ನ ಒಲೆ ನೋಡ್ಕೋ ಹೋಗು."

ಒಲೆ! ಬೆಳಿಗ್ಗೆ ಹಲಗೆ ತೊಳೆಯುವ ಭರದಲ್ಲಿ ಅವಳು ಕೆಂಡ ತೆರೆದಿಟ್ಟು ಹೋಗಿದ್ದಳು, ಮೇಲೆ ಹಾಕಲು ಮನೆಯಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ. ದಿಮ್ಮಿಯನ್ನು ಹತ್ತಿ, ಆ ಕಡೆ ಇಳಿದು, ಒಲೆಯ ಮುಂದೆ ಕುಸಿದು ಕೂತಳು. ಬೂದಿ. ಬೂದಿಯ ನಡುವೆ ಎರಡು ಕೆಂಪು ಕಣ್ಣು, ಗುಲಗಂಜಿಯಷ್ಟು. ದಿಮ್ಮಿಯಿಂದ ಸಿಡಿದ ಒಂದು ಚಕ್ಕೆಯನ್ನು ಅದರ ಮೇಲಿಟ್ಟು ಊದಿದಳು. ಚಕ್ಕೆ ಚುಂಯ್ ಎಂದು ನೀರು ಬಿಟ್ಟಿತು. ಹೊಗೆ ಮಾತ್ರ ಬಂತು. ಮತ್ತೆ ಊದಿದಳು. ಕೆಮ್ಮು ಒತ್ತರಿಸಿತು. ಒಂದು ಕಣ್ಣು ಮುಚ್ಚಿತು.

ಮಗ ಹಿಂದೆ ಬಂದು ನಿಂತ. "ಆರಿತಲ್ಲಮ್ಮ."

"ಆರಿಲ್ಲ."

"ಹಸಿ ಮರ ಹೊತ್ತಲ್ಲ ಅಂತ ಅವತ್ತೇ ಹೇಳಿದ್ದೆ. ಬಿಟ್ಟುಬಿಡು. ಮಾತು ಮಾತೇ."

"ಆರಿಲ್ಲ ಅಂದ್ನಲ್ಲ!" ಎಂದಳು. ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದುಕೊಳ್ಳಲಿ, ಅವಳಿಗೇನು?

ಅಷ್ಟರಲ್ಲಿ ಯಾರೋ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಮಡಿಲಿನಿಂದ ಒಣಗಿದ ಮರದ ಸಿಬಿರುಗಳು ನೆಲಕ್ಕೆ ಸುರಿದವು. ಸೊಸೆ ಬೆರಳುದ್ದದ ಒಂದು ಸಿಬಿರನ್ನು ಆರಿಸಿ ಉಳಿದ ಕೆಂಡಕ್ಕೆ ತಾಗಿಸಿ, ಬಗ್ಗಿ, ಮೆಲ್ಲಗೆ ಊದಿದಳು. ಅತ್ತೆ ಹನ್ನೆರಡು ವರ್ಷದ ಹಿಂದೆ ಕಲಿಸಿದ್ದ ಹಾಗೆಯೇ, ಕೆನ್ನೆ ಉಬ್ಬಿಸದೆ, ಉದ್ದಕ್ಕೆ. ಸಿಬಿರಿನ ತುದಿ ಕಪ್ಪಾಯಿತು, ಕೆಂಪಾಯಿತು, ಹೊತ್ತಿಕೊಂಡಿತು.

"ಏಯ್, ಅದು ನನ್ನ ಹಲಗೆ!" ಎಂದ ಮಗ.

"ಹೌದು ರೀ," ಎಂದಳು ಸೊಸೆ, ಇನ್ನೊಂದನ್ನು ಇಡುತ್ತ. "ಚೆನ್ನಾಗಿ ಒಣಗಿದೆ."

"ಟೇಪು ಹಿಡಿದವಳು ನೀನು! ನೀನು ಯಾರ ಕಡೆ?"

"ಹಿಡಿ ಅಂದ್ರಿ, ಹಿಡಿದೆ. ಯಾರ ಕಡೆ ಅಂತ ಅವತ್ತು ಕೇಳ್ಲಿಲ್ಲ, ಇವತ್ತು ಕೇಳಿದ್ರಿ." ಸೊಸೆ ಎದ್ದು ನಿಂತಳು. ಎರಡು ಕೈಯನ್ನೂ ಗಂಡನ ಮುಖದ ಮುಂದೆ ಹಿಡಿದಳು. ಬಿರುಕು, ಬೂದಿ, ಒಣಗಿದ ರಕ್ತ. "ಈ ಕೈ ಹೆಸರಲ್ಲಿ ಎಷ್ಟು ಸಲ ಜಗಳ ಆಡಿದ್ರಿ ನೀವು? ಒಂದು ಸಲ ಆದ್ರೂ ನನ್ನ ಕೇಳಿದ್ರಾ? ಬಾಡಿಗೆ ಬಂದ್ರೆ ನಿಮ್ಮ ಜೇಬಿಗೆ ಬರುತ್ತೆ. ಹಂಡೆ ಕುದಿದ್ರೆ ಶನಿವಾರ ನನ್ನ ಕೈಗೆ ಬರುತ್ತೆ. ನನ್ನ ಕೈ ಬಿರಿದ್ರೂ ನನ್ನದೇ ಕೈ. ನಾನು ಹಂಡೆ ಕಡೆ."

ಇಷ್ಟು ಮಾತು ಅವಳ ಬಾಯಿಂದ ಒಟ್ಟಿಗೆ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗೋಡೆಯಾಚೆ ಲಾರಿಮಾವ ಕೆಮ್ಮಿದ. ಛೇ, ಇವಳ ಮೇಲೆ ಏನೆಲ್ಲ ಅಂದುಕೊಂಡೆ ಎಂದು ಹಂಡೆಯಮ್ಮನಿಗೆ ನಾಚಿಕೆಯಾಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವವಳೇ ಅವಳು?

"ನಿಂತ್ಕೊಂಡು ಏನು ನೋಡ್ತೀಯೇ? ದೊಡ್ಡ ತುಂಡು ತಾ. ತೊಲೆನೂ ಬಿಡಬೇಡ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಹಂಡೆ ಕೊತಕೊತ ಕುದಿಯಿತು. ಮಗ ಆ ದಿನ ಊಟ ಮಾಡಲಿಲ್ಲ. ಮಾರನೇ ದಿನ ಮಾಡಿದ.

ಅವನ ಚೌಕಟ್ಟು ಇಪ್ಪತ್ತೆರಡು ದಿನ ಉರಿಯಿತು. ಅಷ್ಟರಲ್ಲಿ ದಿಮ್ಮಿಯ ಒಂದು ತುದಿಯನ್ನು ಬೆಣೆ ಹೊಡೆದು ಸೀಳಿ, ಸೀಳುಗಳನ್ನು ಹಂಡೆಯ ಸುತ್ತ ಗೋಡೆ ಕಟ್ಟಿದ ಹಾಗೆ ಜೋಡಿಸಿದ್ದರು. ಹಂಡೆಯ ಶಾಖಕ್ಕೆ ಅವು ಒಣಗಿ, ಬಾಯಿ ಬಿಟ್ಟು, ಒಂದೊಂದಾಗಿ ಒಲೆಗಿಳಿದವು. ಕಬ್ಬಿಣದಂಥ ಮರ ನಿಧಾನವಾಗಿ ಉರಿಯುತ್ತದೆ. ಒಂದು ಸೀಳಿಗೆ ಒಂದು ಹಂಡೆ ಬಟ್ಟೆ. ಲಾರಿಮಾವ ಬೆಣೆ ಹಿಡಿಯುತ್ತಿದ್ದ, ಸೊಸೆ ಸುತ್ತಿಗೆ ಬೀಸುತ್ತಿದ್ದಳು. ಮಗ ಒಂದು ಭಾನುವಾರ ಎಲ್ಲಿಂದಲೋ ತಗಡಿನ ಉದ್ದ ಕೊಳವೆ ತಂದು, ಯಾರೊಡನೆಯೂ ಮಾತಾಡದೆ ಒಲೆಗೆ ಹೊಗೆಗೂಡು ಕಟ್ಟಿ, ಹೊಗೆ ಸೂರಿನ ಮೇಲೆ ಹೋಗುವಂತೆ ಮಾಡಿದ. "ಕೆಮ್ಮು ಕೇಳೋಕೆ ಆಗಲ್ಲ, ಅಷ್ಟೇ. ಗೋದಾಮಿನ ಮಾತು ಮುಗಿದಿಲ್ಲ," ಎಂದ. "ನಾನೂ ಮುಗಿದಿಲ್ಲ," ಎಂದಳು ತಾಯಿ.

ಎರಡು ತಿಂಗಳ ಮೇಲೆ, ದಿಮ್ಮಿಯ ನಡುಭಾಗ ಸೀಳುವಾಗ, ಸುತ್ತಿಗೆ ಠಣ್ ಎಂದಿತು. ಕೊಂಡಿ. ಕಪ್ಪಾಗಿತ್ತು, ಸೊಟ್ಟಗಾಗಿರಲಿಲ್ಲ. ಸೊಸೆ ಅದನ್ನು ಬೂದಿಯಿಂದ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ, ಅತ್ತೆಯ ಕೈಗಿಟ್ಟಳು. ಹಂಡೆಯಮ್ಮ ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ವಾಪಸ್ ಕೊಟ್ಟಳು.

"ಹೊಡಿ."

"ಎಲ್ಲಿಗೆ ಅತ್ತೆ?"

"ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಅಂಗಳದ ಬಾಯಲ್ಲಿ, ಚೌಕಟ್ಟು ನಿಂತಿದ್ದ ಜಾಗದಲ್ಲಿ, 'ಗೋದಾಮು' ಎಂಬ ಬೋರ್ಡಿಗೆಂದು ಮಗ ಗುರುತು ಹಾಕಿಟ್ಟಿದ್ದ ಗೋಡೆಗೆ, ಸೊಸೆ ನಾಲ್ಕೇ ಏಟಿಗೆ ಕೊಂಡಿ ಕೂರಿಸಿದಳು. ಅಲ್ಲಿಂದ ಎದುರು ಗೋಡೆಗೆ ಹಗ್ಗ ಬಿಗಿದು, ಆಗಷ್ಟೇ ಕುದಿಸಿ ತೆಗೆದ ಆಸ್ಪತ್ರೆಯ ಬಿಳಿ ಹಾಸಿಗೆ ಬಟ್ಟೆಗಳನ್ನು ಬಾಯಿಯುದ್ದಕ್ಕೂ ಹರವಿದಳು.

ಡಿಪೋಗೆ ಹೊರಟಿದ್ದ ಮಗ, ಇಸ್ತ್ರಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು, ದಿಮ್ಮಿಯ ಪಕ್ಕದ ಇಕ್ಕಟ್ಟಿನಲ್ಲಿ ಬಂದು, ತೊಟತೊಟ ನೀರು ತೊಟ್ಟಿಕ್ಕುತ್ತಿದ್ದ ಆ ಬಟ್ಟೆಯ ಗೋಡೆಯ ಮುಂದೆ ನಿಂತ. ತಾಯಿಯ ಕಡೆ ನೋಡಿದ. ತಾಯಿ ಸೊಸೆಯ ಕಡೆ ನೋಡಿದಳು.

"ಬಗ್ಗಿ ಹೋಗಿ ರೀ," ಎಂದಳು ಸೊಸೆ. "ಬಟ್ಟೆಗೆ ಕೊಳೆ ಆಗದ ಹಾಗೆ."